ಗೇಮ್ ತಡವರಿಸಿದರೆ ಪ್ರೊಸೆಸರ್ ಬದಲಿಸಲೇಬೇಕೇ?

"ಹೊಸ ಪ್ರೊಸೆಸರ್ ಹಾಕಿಸಿ, ಗೇಮ್ ಕುದುರೆ ಥರ ಓಡುತ್ತೆ." "ಐ7 ಇದ್ರೆ ಸಾಕು, ಯಾವ ಗೇಮ್ ಬೇಕಾದ್ರೂ ಆಡಬಹುದು." "ಈ ಒಂದು ಸೆಟ್ಟಿಂಗ್ ಬದಲಿಸಿ, ಕಂಪ್ಯೂಟರ್‌ನಲ್ಲಿ ಮಲಗಿರೋ ಕೋರ್‌ಗಳೆಲ್ಲ ಎದ್ದು ಕೂರುತ್ವೆ." ಕಂಪ್ಯೂಟರ್ ಗೇಮ್ ಆಡುವವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆಗಳಿಗೆ ಬರವಿಲ್ಲ. ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಆದರೆ ಅವನ್ನು ನಂಬಿ ಮಾಡುವ ಖರ್ಚು ಮಾತ್ರ ಪೂರ್ತಿ ನಿಜ.

ಅಟ್ಟೂರು ಬಡಾವಣೆಯ ಒಂದು ಮನೆ ಎಂದಿಟ್ಟುಕೊಳ್ಳೋಣ. ಕಾಲೇಜಿಗೆ ಹೋಗುವ ಮಗನಿಗೆ ಐದಾರು ವರ್ಷದ ಹಿಂದೆ ಕೊಡಿಸಿದ ಕಂಪ್ಯೂಟರ್ ಇದೆ. ಹೊಸ ಗೇಮ್ ಹಾಕಿದರೆ ಚಿತ್ರ ತಡವರಿಸುತ್ತದೆ. "ಅಪ್ಪ, ಪ್ರೊಸೆಸರ್ ಹಳೇದಾಯ್ತು" ಎನ್ನುತ್ತಾನೆ. ಹದಿನೈದು ಕಿಲೋಮೀಟರ್‌ಗೂ ಹೆಚ್ಚು ದೂರದ ಎಸ್.ಪಿ. ರಸ್ತೆಗೆ ಹೋಗಿ ವಿಚಾರಿಸಿದರೆ ಪ್ರೊಸೆಸರ್ ಒಂದಕ್ಕೇ ಮುಗಿಯುವುದಿಲ್ಲ, ಬೋರ್ಡ್ ಬೇಕು, ರ‍್ಯಾಮ್ ಬೇಕು ಎಂಬ ಉತ್ತರ ಬರಬಹುದು. ಹತ್ತು ಸಾವಿರದ ಮಾತು ಮೂವತ್ತು ಸಾವಿರಕ್ಕೆ ಏರುತ್ತದೆ. ಈ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 18. ಅಂದರೆ 20,000 ರೂಪಾಯಿ ಮೂಲಬೆಲೆಯ ವಸ್ತುವಿಗೆ ತೆರಿಗೆಯೇ 3,600 ರೂಪಾಯಿ. ಅಷ್ಟು ಖರ್ಚು ಮಾಡಿದ ಮೇಲೂ ಗೇಮ್ ಹಾಗೇ ತಡವರಿಸಿದರೆ?

ಹಾಗಾಗುವುದು ಅಪರೂಪವೇನಲ್ಲ. ಯಾಕೆ ಎಂದು ತಿಳಿಯಲು ಗೇಮ್‌ನ ಒಂದು ಚಿತ್ರ ಪರದೆಗೆ ಬರುವುದು ಹೇಗೆ ಎಂಬುದನ್ನು ಮೊದಲು ನೋಡೋಣ.

ದೋಸೆ ತಡವಾದರೆ ತಪ್ಪು ಯಾರದು?

ನಮ್ಮಲ್ಲಿ ಅನೇಕರು ಕಂಪ್ಯೂಟರ್‌ನ ಇಡೀ ಪೆಟ್ಟಿಗೆಯನ್ನೇ ಸಿಪಿಯು ಎನ್ನುತ್ತಾರೆ. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಅದರೊಳಗಿನ ಬಿಸ್ಕತ್ತಿನಷ್ಟು ದೊಡ್ಡ ಒಂದು ಚಿಪ್. ಗೇಮ್‌ನಲ್ಲಿ ಎದುರಾಳಿ ಎಲ್ಲಿದ್ದಾನೆ, ಗುಂಡು ಯಾವ ಕಡೆ ಹೋಯಿತು, ನೀವು ಒತ್ತಿದ ಕೀಲಿಗೆ ಏನಾಗಬೇಕು ಎಂಬ ಲೆಕ್ಕವೆಲ್ಲ ಅದರದ್ದು. ಲೆಕ್ಕ ಮುಗಿಸಿ "ಈ ಚಿತ್ರ ಬರೆ" ಎಂದು ಅದು ಗ್ರಾಫಿಕ್ಸ್ ಕಾರ್ಡಿಗೆ ಆದೇಶ ಕೊಡುತ್ತದೆ. ಬೆಳಕು, ನೆರಳು, ಬಣ್ಣ ತುಂಬಿ ಚಿತ್ರ ಸಿದ್ಧಪಡಿಸುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ.

ದರ್ಶಿನಿಯಲ್ಲೂ ಇದೇ ವ್ಯವಸ್ಥೆ. ಕೌಂಟರಿನಲ್ಲಿ ಒಬ್ಬರು ಬಿಲ್ ಹರಿದು ಕೊಡುತ್ತಾರೆ, ಒಳಗೆ ಭಟ್ಟರು ದೋಸೆ ಹುಯ್ಯುತ್ತಾರೆ. ದೋಸೆ ಕಾವಲಿಯ ಮುಂದೆ ಜನ ಗುಂಪುಗೂಡಿ ನಿಂತಿದ್ದರೆ, ಬಿಲ್ ಕೊಡಲು ಇನ್ನೂ ಚುರುಕಿನವರನ್ನು ಕೂರಿಸಿ ಏನೂ ಪ್ರಯೋಜನವಿಲ್ಲ. ಬಿಲ್ ಕೌಂಟರಿನ ಮುಂದೆ ಸಾಲು ಬೆಳೆದು ಭಟ್ಟರು ಸುಮ್ಮನೆ ನಿಂತಿದ್ದರೆ, ಎರಡನೇ ಕಾವಲಿ ತಂದೂ ಪ್ರಯೋಜನವಿಲ್ಲ.

ಇದನ್ನೇ ಲೆಕ್ಕದಲ್ಲಿ ನೋಡೋಣ. ಒಂದು ಚಿತ್ರಕ್ಕೆ ಪ್ರೊಸೆಸರ್ 8 ಮಿಲಿಸೆಕೆಂಡ್, ಗ್ರಾಫಿಕ್ಸ್ ಕಾರ್ಡ್ 16 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತವೆ ಎಂದುಕೊಳ್ಳಿ. ಎರಡೂ ಒಟ್ಟಿಗೆ ಕೆಲಸ ಮಾಡುತ್ತಿರುವುದರಿಂದ ನಿಧಾನವಾಗಿರುವುದೇ ಒಟ್ಟು ವೇಗವನ್ನು ನಿರ್ಧರಿಸುತ್ತದೆ: ಸೆಕೆಂಡಿಗೆ ಸುಮಾರು 62 ಚಿತ್ರ. ಈಗ ದುಪ್ಪಟ್ಟು ವೇಗದ ಪ್ರೊಸೆಸರ್ ತಂದು 8ನ್ನು 4ಕ್ಕೆ ಇಳಿಸಿದರೂ ಸಿಗುವುದು ಅದೇ 62 ಚಿತ್ರ. ಅದೇ ಪ್ರೊಸೆಸರ್‌ಗೆ 16 ಮಿಲಿಸೆಕೆಂಡ್, ಗ್ರಾಫಿಕ್ಸ್ ಕಾರ್ಡಿಗೆ 8 ಬೇಕಾಗುತ್ತಿದ್ದರೆ, ಅದೇ ಖರ್ಚಿನಿಂದ ಚಿತ್ರಗಳ ಸಂಖ್ಯೆ ದುಪ್ಪಟ್ಟಾಗುತ್ತಿತ್ತು.

ಆದ್ದರಿಂದ "ಪ್ರೊಸೆಸರ್ ಬದಲಿಸಿದರೆ ಗೇಮ್ ವೇಗವಾಗುತ್ತದೆಯೇ?" ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲ. ಸಾಲು ಎಲ್ಲಿ ನಿಂತಿದೆ ಎಂದು ನಮ್ಮ ನಮ್ಮ ಮನೆಯಲ್ಲೇ ನೋಡಿಕೊಳ್ಳಬೇಕು.

ಖರ್ಚಿಲ್ಲದ ಪರೀಕ್ಷೆ

ಇದಕ್ಕೆ ಹತ್ತು ನಿಮಿಷ ಸಾಕು. ತಡವರಿಸುವ ಗೇಮ್ ತೆರೆದು, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಎಂದು ಗೇಮ್‌ನಲ್ಲೇ ತೋರಿಸುವ ಎಫ್‌ಪಿಎಸ್ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಎಫ್‌ಪಿಎಸ್‌ಗೆ ಮಿತಿ ಹಾಕಿದ್ದರೆ ತೆಗೆಯಿರಿ, ವಿ-ಸಿಂಕ್ ಆನ್ ಆಗಿದ್ದರೆ ಆಫ್ ಮಾಡಿ. ಆಮೇಲೆ ಗೇಮ್‌ನ ರೆಸಲ್ಯೂಶನ್ ಅನ್ನು 1920x1080ರಿಂದ 1280x720ಕ್ಕೆ ಇಳಿಸಿ. ಬರೆಯಬೇಕಾದ ಚುಕ್ಕಿಗಳು ಸುಮಾರು 20.7 ಲಕ್ಷದಿಂದ 9.2 ಲಕ್ಷಕ್ಕೆ ಇಳಿಯುತ್ತವೆ. ಗ್ರಾಫಿಕ್ಸ್ ಕಾರ್ಡಿನ ಹೊರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಪ್ರೊಸೆಸರ್‌ನ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಎಫ್‌ಪಿಎಸ್ ಚೆನ್ನಾಗಿ ಏರಿತೇ? ಹಾಗಾದರೆ ಅಡ್ಡಿಯಾಗಿದ್ದದ್ದು ಗ್ರಾಫಿಕ್ಸ್ ಕಾರ್ಡ್. ಆ ಗೇಮ್‌ಗಾಗಿ ಪ್ರೊಸೆಸರ್ ಬದಲಿಸಿದರೆ ದುಡ್ಡು ದಂಡ. ಎಫ್‌ಪಿಎಸ್ ಅಲ್ಲಾಡಲೇ ಇಲ್ಲವೇ? ಆಗ ಪ್ರೊಸೆಸರ್ ಅಥವಾ ಅದರ ಜೊತೆಗಿರುವ ಮೆಮೊರಿಯ ಮೇಲೆ ಅನುಮಾನ ಪಡಬಹುದು.

ಟಾಸ್ಕ್ ಮ್ಯಾನೇಜರ್‌ನಲ್ಲೂ ಸುಳಿವು ಸಿಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಶೇ. 95ರ ಮೇಲೆ ದುಡಿಯುತ್ತಿದ್ದರೆ ಸಾಲು ಅಲ್ಲೇ ಇದೆ. ಆದರೆ ಪ್ರೊಸೆಸರ್‌ನ ಅಂಕಿಯನ್ನು ಹಾಗೆ ಓದಬಾರದು. "ಪ್ರೊಸೆಸರ್ ಬರೀ ಶೇ. 30 ಬಳಕೆಯಾಗ್ತಿದೆ, ಹಾಗಾಗಿ ಅದರ ತಪ್ಪಲ್ಲ" ಎನ್ನುವುದು ಎಲ್ಲ ಸಲ ಸರಿಯಲ್ಲ. ಆ ಅಂಕಿ ಎಲ್ಲ ಕೋರ್‌ಗಳ ಸರಾಸರಿ. ಗೇಮ್‌ನ ಮುಖ್ಯ ಕೆಲಸ ಒಂದೇ ಕೋರ್ ಮೇಲೆ ಬಿದ್ದು ಅದು ಏದುಸಿರು ಬಿಡುತ್ತಿರಬಹುದು, ಮಿಕ್ಕವು ಸುಮ್ಮನೆ ಕೂತಿರಬಹುದು.

ಅಂತರಜಾಲದಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗಳ ಹೆಸರು ಹಾಕಿದರೆ "ಶೇ. 17 ಅಡಚಣೆ ಇದೆ" ಎಂದು ಹೇಳುವ ಲೆಕ್ಕಯಂತ್ರಗಳಿವೆ. ಗೇಮ್ ಬದಲಾದರೆ, ರೆಸಲ್ಯೂಶನ್ ಬದಲಾದರೆ ಅಡಚಣೆಯ ಜಾಗವೂ ಬದಲಾಗುತ್ತದೆ. ಅದನ್ನು ಒಂದೇ ಸಂಖ್ಯೆಯಲ್ಲಿ ಹೇಳಲು ಸಾಧ್ಯವಿಲ್ಲ.

ಗಿಗಾಹರ್ಟ್ಸ್ ಹೆಚ್ಚಿದ್ದರೆ ವೇಗ ಹೆಚ್ಚೇ?

ಒಂದೇ ವಿನ್ಯಾಸದ ಎರಡು ಚಿಪ್‌ಗಳ ನಡುವೆ ಹೌದು. ಬೇರೆ ಬೇರೆ ತಲೆಮಾರಿನ ಚಿಪ್‌ಗಳ ನಡುವೆ ಈ ಹೋಲಿಕೆ ನಡೆಯುವುದಿಲ್ಲ. ಇಂಟೆಲ್‌ನ ಪೆಂಟಿಯಂ 4 ಪ್ರೊಸೆಸರ್ 2004ರಲ್ಲೇ 3.8 ಗಿಗಾಹರ್ಟ್ಸ್ ಮುಟ್ಟಿತ್ತು. 4 ಗಿಗಾಹರ್ಟ್ಸ್‌ನ ಯೋಜನೆಯನ್ನು ಕಂಪನಿ ಅದೇ ವರ್ಷ ಕೈಬಿಟ್ಟಿತು. ಗಡಿಯಾರ ಓಡಿಸುತ್ತಾ ಹೋದರೆ ಬಿಸಿ ತಡೆಯಲಾಗುವುದಿಲ್ಲ ಎಂಬುದು ಆಗ ಸ್ಪಷ್ಟವಾಗಿತ್ತು. ಅಲ್ಲಿಂದೀಚೆಗೆ ಬಂದ ವೇಗದಲ್ಲಿ ಹೆಚ್ಚಿನ ಪಾಲು, ಗಡಿಯಾರದ ಒಂದು ಬಡಿತದಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಎಂಬುದರಲ್ಲಿ ಆದ ಸುಧಾರಣೆ.

ಇನ್ನೂ ಒಳ್ಳೆಯ ಉದಾಹರಣೆ ಎಎಂಡಿಯ ಎರಡು ಚಿಪ್‌ಗಳು. ರೈಜನ್ 7 5800ಎಕ್ಸ್‌ನ ಗರಿಷ್ಠ ವೇಗ 4.7 ಗಿಗಾಹರ್ಟ್ಸ್. 2022ರ ಏಪ್ರಿಲ್‌ನಲ್ಲಿ ಬಂದ 5800ಎಕ್ಸ್3ಡಿಯದು 4.5. ಎರಡಕ್ಕೂ ಎಂಟೆಂಟು ಕೋರ್. ಆದರೂ ಹೆಚ್ಚಿನ ಗೇಮ್‌ಗಳಲ್ಲಿ ಎರಡನೆಯದೇ ಮುಂದೆ. ಕಾರಣ, ಚಿಪ್ ಒಳಗಿನ ಮೂರನೇ ಹಂತದ ಕ್ಯಾಶ್ ಮೆಮೊರಿ ಮೊದಲನೆಯದರಲ್ಲಿ 32 ಎಂಬಿ, ಎರಡನೆಯದರಲ್ಲಿ 96 ಎಂಬಿ. ಭಟ್ಟರ ಕೈಗೆಟುಕುವಲ್ಲೇ ಪಲ್ಯ, ಚಟ್ನಿ ಎಲ್ಲ ಇದ್ದರೆ ಉಗ್ರಾಣಕ್ಕೆ ಓಡುವುದು ತಪ್ಪುತ್ತದಲ್ಲ, ಹಾಗೆ. ಉಗ್ರಾಣ ಎಂದರೆ ಇಲ್ಲಿ ರ‍್ಯಾಮ್.

ಕೋರ್ ಜಾಸ್ತಿ ಇದ್ದಷ್ಟೂ ಒಳ್ಳೆಯದೇ?

ನಾಲ್ವರು ಭಟ್ಟರು ನಾಲ್ಕು ದೋಸೆಯನ್ನು ಒಟ್ಟಿಗೆ ಹುಯ್ಯಬಹುದು. ಆದರೆ ಒಂದೇ ದೋಸೆಯನ್ನು ನಾಲ್ವರು ಸೇರಿ ಹುಯ್ದರೆ ಅದು ನಾಲ್ಕು ಪಟ್ಟು ಬೇಗ ಬೇಯುವುದಿಲ್ಲ. ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ್ದು ಇದನ್ನೇ. ಒಂದು ಕೆಲಸದ ಅರ್ಧ ಭಾಗವನ್ನು ಹಂಚಲು ಬರುವುದಿಲ್ಲ ಎಂದಾದರೆ, ಎಷ್ಟೇ ಕೋರ್ ಹಾಕಿದರೂ ಆ ಕೆಲಸ ಎರಡು ಪಟ್ಟಿಗಿಂತ ಹೆಚ್ಚು ವೇಗವಾಗಲಾರದು.

ಬಹಳ ಕೋರ್‌ಗಳು ನಿಜಕ್ಕೂ ಬೇಕಾಗುವ ಜಾಗ ಬೇರೆ ಇದೆ. ಇಂಟೆಲ್‌ನ ಬೆಂಗಳೂರು ತಂಡ ವಿನ್ಯಾಸ ಮಾಡಿದ ಆರು ಕೋರ್‌ಗಳ ಪ್ರೊಸೆಸರ್ 2008ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ಬಂತು. ಝಿಯಾನ್ 7400 ಸರಣಿಯ, ಡನ್ನಿಂಗ್ಟನ್ ಎಂಬ ಗುಪ್ತನಾಮದ ಆ ಚಿಪ್‌ನಲ್ಲಿ 190 ಕೋಟಿ ಟ್ರಾನ್ಸಿಸ್ಟರ್‌ಗಳಿದ್ದವು. ಅದು ಗೇಮ್ ಆಡುವವರಿಗೆ ಮಾಡಿದ್ದಲ್ಲ, ಸಾವಿರಾರು ಜನರ ಕೋರಿಕೆಗಳನ್ನು ಒಟ್ಟಿಗೆ ನಿಭಾಯಿಸುವ ಸರ್ವರ್‌ಗಳಿಗೆ ಮಾಡಿದ್ದು. ಅಲ್ಲಿ ಸಾವಿರ ಜನರಿಗೆ ಸಾವಿರ ದೋಸೆ ಬೇಕು, ಕೋರ್‌ಗಳು ಕೆಲಸಕ್ಕೆ ಬರುತ್ತವೆ. ಇಂದಿನ ಹೆಚ್ಚಿನ ಗೇಮ್‌ಗಳಿಗೆ ಆರರಿಂದ ಎಂಟು ಒಳ್ಳೆಯ ಕೋರ್ ಸಾಕು. ಗೇಮ್ ಜೊತೆಗೆ ವೀಡಿಯೊ ಸಂಕಲನ, ಕಾಲೇಜಿನ ಪ್ರಾಜೆಕ್ಟ್‌ನ ದೊಡ್ಡ ಪ್ರೋಗ್ರಾಂಗಳು ಇದ್ದರೆ ಹೆಚ್ಚು ಕೋರ್ ಉಪಯೋಗಕ್ಕೆ ಬಂದೀತು.

ಹೆಸರಿಗೂ ಇದೇ ಮಾತು. ಐ7 ಎಂಬುದು ಒಂದು ತಲೆಮಾರಿನ ಒಳಗಿನ ದರ್ಜೆ ಅಷ್ಟೇ. 2017ರ ಕೋರ್ ಐ7-7700ಕೆ ಚಿಪ್‌ಗೂ 2022ರ ಕೋರ್ ಐ3-12100ಗೂ ನಾಲ್ಕು ನಾಲ್ಕು ಕೋರ್. ಅವುಗಳಲ್ಲಿ ವೇಗ ಹೆಚ್ಚಿರುವುದು ಐ3ಗೆ. ಹಳೆಯ ಕಂಪ್ಯೂಟರನ್ನು "ಐ7 ಮಷೀನ್" ಎಂದು ಮಾರುವವರ ಜಾಹೀರಾತು ಕಂಡಾಗ ಮುಂದಿನ ಅಂಕಿಯನ್ನೂ ಕೇಳಿ.

ಫಾರ್ವರ್ಡ್ ಆಗುವ ಎರಡು ಸುಳ್ಳು

ಒಂದು: ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ವಿಭಾಗದಲ್ಲಿ ಪ್ರೊಸೆಸರ್‌ಗಳ ಸಂಖ್ಯೆಗೆ ಟಿಕ್ ಹಾಕಿ ಗರಿಷ್ಠ ಸಂಖ್ಯೆ ಆರಿಸಿದರೆ ಎಲ್ಲ ಕೋರ್‌ಗಳು ಕೆಲಸ ಶುರುಮಾಡುತ್ತವೆ ಎಂಬುದು. ಇದು ಸುಳ್ಳು. ಟಿಕ್ ಇಲ್ಲದಿದ್ದಾಗಲೇ ವಿಂಡೋಸ್ ಎಲ್ಲ ಕೋರ್‌ಗಳನ್ನೂ ಬಳಸುತ್ತಿರುತ್ತದೆ. ಕೋರ್‌ಗಳನ್ನು ಕಡಿಮೆ ಮಾಡಿ ಪರೀಕ್ಷಿಸಬೇಕಾದ ತಂತ್ರಜ್ಞರಿಗಾಗಿ ಆ ಸೌಲಭ್ಯ ಇದೆ. ಪಕ್ಕದ ಗರಿಷ್ಠ ಮೆಮೊರಿ ಪೆಟ್ಟಿಗೆಯಲ್ಲಿ ತಪ್ಪು ಸಂಖ್ಯೆ ತುಂಬಿದರೆ, ಇರುವ ರ‍್ಯಾಮ್‌ನ ಒಂದಷ್ಟು ಭಾಗ ಬಳಕೆಗೆ ಸಿಗದೇ ಹೋಗಬಹುದು.

ಎರಡು: ಗೇಮ್ ತೆರೆಯುವ ಮುನ್ನ ಎಫ್5 ಒತ್ತಿ ನಾಲ್ಕೈದು ಸಲ ರಿಫ್ರೆಶ್ ಮಾಡಿದರೆ ಕಂಪ್ಯೂಟರ್ ಚುರುಕಾಗುತ್ತದೆ ಎಂಬುದು. ರಿಫ್ರೆಶ್ ಮಾಡುವುದು ಡೆಸ್ಕ್‌ಟಾಪ್ ಮೇಲಿನ ಐಕಾನ್‌ಗಳನ್ನು ಇನ್ನೊಮ್ಮೆ ಓದಿ ತೋರಿಸುವ ಕೆಲಸವನ್ನಷ್ಟೆ. ರ‍್ಯಾಮ್ ಖಾಲಿಯಾಗುವುದಿಲ್ಲ, ಪ್ರೊಸೆಸರ್‌ಗೆ ವಿಶ್ರಾಂತಿ ಸಿಗುವುದೂ ಇಲ್ಲ.

ದುಡ್ಡು ತೆಗೆಯುವ ಮುನ್ನ ಇಷ್ಟು ನೋಡಿ

ಪ್ರೊಸೆಸರ್ ಸಾಮಾನ್ಯವಾಗಿ ವಯಸ್ಸಾಗಿ ನಿಧಾನವಾಗುವುದಿಲ್ಲ. ಸುತ್ತಲಿನ ಪರಿಸ್ಥಿತಿ ಅದನ್ನು ನಿಧಾನ ಮಾಡುತ್ತದೆ. ಬಿಸಿ ಮಿತಿ ದಾಟಿದರೆ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಇಂಟೆಲ್‌ನ ಅನೇಕ ಚಿಪ್‌ಗಳಿಗೆ ಈ ಮಿತಿ 100 ಡಿಗ್ರಿ ಸೆಲ್ಸಿಯಸ್, ರೈಜನ್ 7000 ಸರಣಿಗೆ 95. ಮನೆ ಕಟ್ಟುವ ಕೆಲಸ, ರಸ್ತೆ ಅಗೆತ ನಡೆಯುತ್ತಲೇ ಇರುವ ಬಡಾವಣೆಗಳಲ್ಲಿ ಫ್ಯಾನ್ ರೆಕ್ಕೆಗಳ ಮೇಲೆ ಧೂಳು ಕೂತು, ಚಿಪ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ, ಏಪ್ರಿಲ್ ಬಿಸಿಲಿಗೆ ಗೇಮ್ ತಡವರಿಸತೊಡಗುತ್ತದೆ. ಒಂದು ಬ್ರಷ್, ಹೊಸ ಪೇಸ್ಟ್‌ನ ಒಂದು ಟ್ಯೂಬ್, ಒಂದು ಭಾನುವಾರ. ಎಷ್ಟೋ ಸಲ ಇಷ್ಟೇ ಸಾಕು.

ಆಮೇಲೆ ರ‍್ಯಾಮ್. 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಸಾಮಾನ್ಯವಾಗಿ ಗೇಮ್‌ಗೆ ಒಳ್ಳೆಯವು. ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ. 3200 ಎಂದು ಬರೆದ ಡಿಡಿಆರ್4 ರ‍್ಯಾಮ್, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡುವ ತನಕ 2133 ಅಥವಾ 2400ರಲ್ಲೇ ಓಡುತ್ತಿರಬಹುದು. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿಗೆ ಚುಚ್ಚಿಲ್ಲ ತಾನೇ? 144 ಹರ್ಟ್ಸ್ ಮಾನಿಟರ್ ವಿಂಡೋಸ್ ಸೆಟ್ಟಿಂಗ್‌ನಲ್ಲಿ 60ಕ್ಕೆ ನಿಂತಿಲ್ಲ ತಾನೇ? ಮಾನಿಟರ್ ಇರುವುದೇ 60 ಹರ್ಟ್ಸ್‌ನದಾದರೆ, ಕಂಪ್ಯೂಟರ್ 150 ಚಿತ್ರ ಸಿದ್ಧಪಡಿಸಿದರೂ ಅದು ತೋರಿಸುವುದು ಸೆಕೆಂಡಿಗೆ 60.

ಕೊನೆಯದಾಗಿ ಇಂಟರ್‌ನೆಟ್. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಆಡುವಾಗ ಎದುರಾಳಿ ಇದ್ದಕ್ಕಿದ್ದಂತೆ ಜಾಗ ಬದಲಿಸಿದಂತೆ ಕಂಡರೆ ಅದು ನೆಟ್‌ವರ್ಕ್‌ನ ತೊಂದರೆ ಇರಬಹುದು. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಮುಂಬೈ ಸರ್ವರ್‌ವರೆಗೆ ಸಾವಿರ ಕಿಲೋಮೀಟರ್ ಕೇಬಲ್ ಎಂದುಕೊಂಡರೂ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕೇ ಬೇಕು, ದಾರಿಯ ಉಪಕರಣಗಳಿಂದ ಅದು ಇನ್ನಷ್ಟು ಹೆಚ್ಚುತ್ತದೆ. ಎರಡು ಗೋಡೆ ದಾಟಿ ಬರುವ ವೈ-ಫೈ ಇದನ್ನು ಏರಿಳಿತ ಮಾಡುತ್ತದೆ. ಇದಕ್ಕೆ ಮದ್ದು ಉದ್ದನೆಯ ನೆಟ್‌ವರ್ಕ್ ಕೇಬಲ್, ಪ್ರೊಸೆಸರ್ ಅಲ್ಲ.

ಬದಲಿಸುವುದೇ ಸರಿ ಎನ್ನುವುದಾದರೆ

ಇಷ್ಟೆಲ್ಲ ನೋಡಿದ ಮೇಲೂ ಬೆರಳು ಪ್ರೊಸೆಸರ್ ಕಡೆಗೇ ತೋರಿಸಿದರೆ, ಮುಂದಿನ ಪ್ರಶ್ನೆ ಸಾಕೆಟ್‌ನದು. ಲಾಭ ನಷ್ಟ ನಿರ್ಧಾರವಾಗುವುದು ಇಲ್ಲೇ.

ಎಎಂಡಿಯ ಎಎಂ4 ಸಾಕೆಟ್ ಇದ್ದವರು ಅದೃಷ್ಟವಂತರು. 2017ರ ಮೊದಲ ರೈಜನ್‌ನಿಂದ ಹಿಡಿದು 5000 ಸರಣಿಯವರೆಗೆ ಅದೇ ಸಾಕೆಟ್. 2018ರ ರೈಜನ್ 5 2600 ಇರುವ ಕಂಪ್ಯೂಟರ್‌ಗೆ ಬಯಾಸ್ ಅಪ್‌ಡೇಟ್ ಮಾಡಿ ರೈಜನ್ 5 5600 ಕೂರಿಸಬಹುದು, ಆ ಬೋರ್ಡ್ ತಯಾರಕರು ಅದನ್ನು ಪಟ್ಟಿಯಲ್ಲಿ ಸೇರಿಸಿದ್ದರೆ. ಎರಡಕ್ಕೂ ಆರೇ ಕೋರ್, ಆದರೆ ಗೇಮ್‌ಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬೋರ್ಡ್, ರ‍್ಯಾಮ್ ಹಳೆಯವೇ ನಡೆಯುತ್ತವೆ. ಇಂಟೆಲ್‌ನ 12ನೇ ತಲೆಮಾರಿನ ಚಿಪ್ ಇರುವವರಿಗೂ 13, 14ನೇ ತಲೆಮಾರಿನವರೆಗೆ ಅದೇ ಸಾಕೆಟ್‌ನಲ್ಲಿ ದಾರಿ ಇದೆ.

ಇಂಟೆಲ್‌ನ 6 ಅಥವಾ 7ನೇ ತಲೆಮಾರಿನವರಿಗೆ ದಾರಿ ಮುಚ್ಚಿದೆ. 8ನೇ ತಲೆಮಾರಿನ ಚಿಪ್‌ನ ಸಾಕೆಟ್ ನೋಡಲು ಹಾಗೇ ಇದ್ದರೂ ಹಳೆಯ ಬೋರ್ಡ್‌ಗಳಲ್ಲಿ ಅಧಿಕೃತವಾಗಿ ಕೆಲಸ ಮಾಡುವುದಿಲ್ಲ. ಅಂಥವರಿಗೆ ಪ್ರೊಸೆಸರ್ ಬದಲಾವಣೆ ಎಂದರೆ ಬೋರ್ಡ್, ರ‍್ಯಾಮ್ ಎಲ್ಲ ಸೇರಿದ ಲೆಕ್ಕ. ಎಎಂಡಿಯ ಈಗಿನ ಎಎಂ5 ಸಾಕೆಟ್‌ಗೆ ಡಿಡಿಆರ್5 ರ‍್ಯಾಮ್ ಮಾತ್ರ ಹೊಂದುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ಜಿಗಿಯಿತು. ಆದ್ದರಿಂದ ಕಳೆದ ವರ್ಷ ಸ್ನೇಹಿತ ಕೊಟ್ಟ ಒಟ್ಟು ಮೊತ್ತವನ್ನು ನಂಬಿ ಹೊರಡಬೇಡಿ, ಆ ದಿನದ ದರ ಕೇಳಿ. ಲ್ಯಾಪ್‌ಟಾಪ್ ಇರುವವರಿಗಂತೂ ಈ ಚರ್ಚೆಯೇ ಇಲ್ಲ, ಹೆಚ್ಚಿನವುಗಳಲ್ಲಿ ಪ್ರೊಸೆಸರ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ.

ವೇಗಕ್ಕೆ ಸಂಬಂಧವಿಲ್ಲದ ಒಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಬಹುಮಟ್ಟಿಗೆ ಇಂಟೆಲ್‌ನ 8ನೇ ತಲೆಮಾರು ಅಥವಾ ರೈಜನ್ 2000 ಸರಣಿ ಮತ್ತು ಅದರ ನಂತರದ ಚಿಪ್ ಬೇಕು, ಟಿಪಿಎಂ 2.0 ಕೂಡ ಬೇಕು. ಟಿಪಿಎಂ ಇಲ್ಲ ಎಂಬ ಸಂದೇಶ ಬಂದೊಡನೆ ಅಂಗಡಿಗೆ ಓಡಬೇಡಿ. ಎಷ್ಟೋ ಬೋರ್ಡ್‌ಗಳಲ್ಲಿ ಅದು ಇದ್ದು, ಬಯಾಸ್‌ನಲ್ಲಿ ಆಫ್ ಆಗಿರುತ್ತದೆ.

ಕೊಳ್ಳುವಾಗ ಎಚ್ಚರ

ಬಯಾಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಕೆಟ್ಟು ಕೂರಬಹುದು. ಯುಪಿಎಸ್ ಇಟ್ಟುಕೊಂಡೇ ಮಾಡಿ, ಸಂಜೆ ಗುಡುಗು ಮಳೆಯ ಹೊತ್ತು ಬೇಡ.

ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಕೊಳ್ಳುವುದರಲ್ಲಿ ತಪ್ಪಿಲ್ಲ, ನೋಡಿ ಕೊಳ್ಳಬೇಕು. ಎಎಂ4 ಚಿಪ್‌ಗಳಲ್ಲಿ ಪಿನ್‌ಗಳು ಚಿಪ್ ಮೇಲೇ ಇರುತ್ತವೆ, ಒಂದೂ ಬಾಗಿರಬಾರದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ಅತಿ ವೋಲ್ಟೇಜ್‌ನಿಂದ ಹಾಳಾಗುತ್ತಿದ್ದುದು 2024ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಕಂಪನಿ ತಡೆಗೆ ಅಪ್‌ಡೇಟ್ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆದರೆ ಈಗಾಗಲೇ ಹಾಳಾದ ಚಿಪ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ. ಹಾಗಾಗಿ ಇವುಗಳನ್ನು ಬಿಲ್ ಇಲ್ಲದೆ ಕೊಳ್ಳಬೇಡಿ.

ವಿದ್ಯುತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೊಸ ಚಿಪ್ 100 ವ್ಯಾಟ್ ಹೆಚ್ಚು ಎಳೆದರೆ, ದಿನಕ್ಕೆ ನಾಲ್ಕು ಗಂಟೆ ಆಟಕ್ಕೆ ತಿಂಗಳಿಗೆ 12 ಯೂನಿಟ್ ಹೆಚ್ಚು. ಹಳೆಯ ಪವರ್ ಸಪ್ಲೈ ಅದನ್ನು ತಡೆಯುತ್ತದೆಯೇ ಎಂದೂ ನೋಡಬೇಕು. ತೆಗೆದ ಹಳೆಯ ಚಿಪ್ ಕೆಲಸ ಮಾಡುತ್ತಿದ್ದರೆ ಮಾರಿ ಅಥವಾ ಬೇಕಾದವರಿಗೆ ಕೊಡಿ. ಕೆಟ್ಟಿದ್ದರೆ ಕಸದ ಗಾಡಿಗೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ತಲುಪಿಸಿ.

ಒಟ್ಟಿನಲ್ಲಿ, ರೆಸಲ್ಯೂಶನ್ ಇಳಿಸಿದಾಗ ಎಫ್‌ಪಿಎಸ್ ಏರಿದರೆ ಪ್ರೊಸೆಸರ್ ಬದಲಿಸಬೇಡಿ. ಏರದಿದ್ದರೆ ಮೊದಲು ಧೂಳು, ರ‍್ಯಾಮ್, ಸೆಟ್ಟಿಂಗ್ ನೋಡಿ. ಆಮೇಲೂ ಸರಿಹೋಗದೆ, ಇರುವ ಬೋರ್ಡಿನಲ್ಲೇ ಹೊಸ ಚಿಪ್ ಕೂರುವುದಾದರೆ ಖರ್ಚಿಗೆ ಅರ್ಥವಿದೆ. ಎಲ್ಲವನ್ನೂ ಬದಲಿಸಬೇಕೆಂದಾದರೆ, ಅದು ಹೊಸ ಕಂಪ್ಯೂಟರ್ ಕೊಳ್ಳುವ ತೀರ್ಮಾನ ಎಂದೇ ತಿಳಿದು ಮನೆಯವರೆಲ್ಲ ಕೂತು ಲೆಕ್ಕ ಹಾಕಿ. ಮುಂದಿನ ಸಲ "ಪ್ರೊಸೆಸರ್ ಹಾಕಿಸಿ, ಕುದುರೆ ಥರ ಓಡುತ್ತೆ" ಎಂಬ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಕಳಿಸಿದವರನ್ನು ಒಂದೇ ಮಾತು ಕೇಳಿ: "ರೆಸಲ್ಯೂಶನ್ ಇಳಿಸಿ ನೋಡಿದ್ದೀರಾ?"